ಶುದ್ಧ ಕೋಕೋದ ಜಾರ್ಜ್ ಕ್ಯಾಡ್ಬರಿ

ಮಕ್ಕಳ ಹಾಲಿಗೆ ಬೆರೆಸುವ ಬೋರ್ನ್‌ವಿಟಾ ಕನ್ನಡ ನಾಡಿನ ಎಷ್ಟೋ ಮನೆಗಳಿಗೆ ಚಿರಪರಿಚಿತ. ಆ ಹೆಸರಿನ ಮೊದಲರ್ಧ ಇಂಗ್ಲೆಂಡಿನ ಒಂದು ಊರಿನದು ಎಂಬುದು ಅಷ್ಟಾಗಿ ತಿಳಿದಿಲ್ಲ. ಬರ್ಮಿಂಗ್‌ಹ್ಯಾಮ್ ನಗರದ ಹೊರವಲಯದ ಬೋರ್ನ್‌ವಿಲ್ ಎಂಬ ಆ ಊರನ್ನು ಕಟ್ಟಿಸಿದವರು ಜಾರ್ಜ್ ಕ್ಯಾಡ್ಬರಿ. ಕ್ಯಾಡ್ಬರಿ ಎಂದೊಡನೆ ಇಂದು ನೆನಪಾಗುವುದು ಚಾಕೊಲೇಟ್. ಆದರೆ ಜಾರ್ಜ್ ಅವರ ಬದುಕನ್ನು ರೂಪಿಸಿದ್ದು ತಿನ್ನುವ ಚಾಕೊಲೇಟ್ ಅಲ್ಲ, ಬಟ್ಟಲಿನಲ್ಲಿ ಹಬೆಯಾಡುವ ಬಿಸಿ ಕೋಕೋ.

1839ರ ಸೆಪ್ಟೆಂಬರ್ 19ರಂದು ಬರ್ಮಿಂಗ್‌ಹ್ಯಾಮಿನ ಎಡ್ಜ್‌ಬಾಸ್ಟನ್‌ನಲ್ಲಿ ಜಾರ್ಜ್ ಜನಿಸಿದರು. ಮನೆತನ ಕ್ವೇಕರ್ ಪಂಥದ್ದು. ಯುದ್ಧವನ್ನೂ ಆಡಂಬರವನ್ನೂ ಒಪ್ಪದ ಈ ಪಂಥದವರಿಗೆ ಆಕ್ಸ್‌ಫರ್ಡ್, ಕೇಂಬ್ರಿಜ್ ವಿಶ್ವವಿದ್ಯಾಲಯಗಳ ಬಾಗಿಲು ಬಹುಕಾಲ ಮುಚ್ಚಿತ್ತು. ಹೀಗಾಗಿ ಅವರಲ್ಲಿ ಅನೇಕರು ವ್ಯಾಪಾರಕ್ಕಿಳಿದರು. ಬ್ರಿಸ್ಟಲಿನ ಫ್ರೈ, ಯಾರ್ಕಿನ ರೌನ್‌ಟ್ರೀ, ಬರ್ಮಿಂಗ್‌ಹ್ಯಾಮಿನ ಕ್ಯಾಡ್ಬರಿ, ಈ ಮೂರೂ ಕೋಕೋ ಮನೆತನಗಳು ಕ್ವೇಕರರವೇ ಆಗಿದ್ದುದು ಆಕಸ್ಮಿಕವಲ್ಲ. ಜಾರ್ಜ್ ಅವರ ತಂದೆ ಜಾನ್ ಕ್ಯಾಡ್ಬರಿ 1824ರಲ್ಲಿ ಬುಲ್ ಸ್ಟ್ರೀಟ್‌ನಲ್ಲಿ ಚಹಾ, ಕಾಫಿ, ಕೋಕೋ ಮಾರುವ ಅಂಗಡಿ ತೆರೆದಿದ್ದರು. ಮದ್ಯವನ್ನು ಕಡುವಾಗಿ ವಿರೋಧಿಸುತ್ತಿದ್ದ ಅವರಿಗೆ ಕೋಕೋ ಬರಿಯ ಸರಕಾಗಿರಲಿಲ್ಲ. ದುಡಿಯುವವನ ಕೈಯಿಂದ ಜಿನ್ ಬಟ್ಟಲನ್ನು ಬಿಡಿಸುವ ಉಪಾಯವೂ ಆಗಿತ್ತು.

ಮಧ್ಯ ಅಮೆರಿಕದ ಮೂಲನಿವಾಸಿಗಳು ಮೆಣಸಿನಕಾಯಿ ಬೆರೆಸಿ ನೊರೆಯೆಬ್ಬಿಸಿ ಕುಡಿಯುತ್ತಿದ್ದ ಈ ಪೇಯ ಸ್ಪೇನ್ ದೇಶದ ಮೂಲಕ ಯೂರೋಪಿಗೆ ಬಂದು, ಸಕ್ಕರೆ ಕೂಡಿಸಿಕೊಂಡು, 17ನೆಯ ಶತಮಾನದ ನಡುವಿನಲ್ಲಿ ಲಂಡನ್ ತಲುಪಿತ್ತು. ಬಹುಕಾಲ ಅದು ಸಿರಿವಂತರ ಪಾನೀಯ. ಬಡವರ ಕೈಗೆಟುಕುವ ಹೊತ್ತಿಗೆ ಅದು ಕೋಕೋ ಆಗಿ ಉಳಿದಿರಲಿಲ್ಲ ಎನ್ನಬೇಕು. ಅಡಿಕೆ ತೋಟದ ನೆರಳಿನಲ್ಲಿ ಕೋಕೋ ಬೆಳೆಯುವ ದಕ್ಷಿಣ ಕನ್ನಡದ ಕೃಷಿಕರು ಬಲ್ಲಂತೆ ಇದರ ಬೀಜ ಬಲು ಜಿಡ್ಡಿನದು. ತೂಕದ ಅರ್ಧಕ್ಕೂ ಹೆಚ್ಚು ಪಾಲು ಕೊಬ್ಬು. ಅರೆದು ಕುದಿಸಿದರೆ ಎಣ್ಣೆ ಮೇಲೆ ತೇಲುತ್ತದೆ. ಆ ಜಿಡ್ಡನ್ನು ಹೀರಿಕೊಳ್ಳಲೆಂದು ತಯಾರಕರು ಆಲೂಗೆಡ್ಡೆಯ ಪಿಷ್ಟ, ಸಾಬೂದಾಣಿ ಹಿಟ್ಟು, ಕಾಕಂಬಿ ಬೆರೆಸುತ್ತಿದ್ದರು. ಬಣ್ಣಕ್ಕಾಗಿ ಇಟ್ಟಿಗೆಯ ಪುಡಿ ಸೇರಿಸಿದವರೂ ಇದ್ದರು. ಕ್ಯಾಡ್ಬರಿಯವರದೇ ಒಂದು ಬಗೆಯ ಕೋಕೋದಲ್ಲಿ ನಿಜವಾದ ಕೋಕೋ ಐದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಹಿಟ್ಟಿನ ಗಂಜಿ.

ತಾಯಿಯ ಮರಣಾನಂತರ ತಂದೆಯ ಆರೋಗ್ಯ ಕುಸಿದು, ವ್ಯಾಪಾರವೂ ಕುಸಿಯಿತು. 1861ರಲ್ಲಿ ಅಣ್ಣ ರಿಚರ್ಡ್ ಮತ್ತು ಜಾರ್ಜ್ ಅದನ್ನು ವಹಿಸಿಕೊಂಡಾಗ ಜಾರ್ಜ್ ಅವರಿಗೆ 21 ವರ್ಷ. ತಾಯಿಯಿಂದ ಬಂದ ತಲಾ 4,000 ಪೌಂಡುಗಳನ್ನು ಸಹೋದರರಿಬ್ಬರೂ ಅದಕ್ಕೆ ಸುರಿದರು. ಮೊದಲ ವರ್ಷಗಳು ನಷ್ಟದಲ್ಲೇ ಕಳೆದವು. ಜಾರ್ಜ್ ಚಹಾ ಬಿಟ್ಟರು, ಕಾಫಿ ಬಿಟ್ಟರು, ಖರ್ಚು ಉಳಿಸಲು ಬೆಳಗಿನ ವೃತ್ತಪತ್ರಿಕೆಯನ್ನೂ ಬಿಟ್ಟರು. ಹಣ ಪೂರ್ತಿ ಕರಗಿದರೆ ರಿಚರ್ಡ್ ಭೂಮಾಪಕರಾಗುವುದು, ಜಾರ್ಜ್ ಹಿಮಾಲಯಕ್ಕೆ ಬಂದು ಚಹಾ ತೋಟ ಮಾಡುವುದು ಎಂದು ಯೋಚಿಸಿದ್ದರು. ನಷ್ಟ ಇನ್ನೂ ಕೆಲಕಾಲ ಮುಂದುವರಿದಿದ್ದರೆ ಭಾರತಕ್ಕೆ ಒಬ್ಬ ಚಹಾ ತೋಟದ ದೊರೆ ಹೆಚ್ಚಾಗುತ್ತಿದ್ದರೇನೋ.

ದಾರಿ ಹಾಲೆಂಡಿನಿಂದ ತೆರೆಯಿತು. ಅರೆದ ಬೀಜವನ್ನು ಒತ್ತಿ ಕೊಬ್ಬನ್ನು ಹಿಂಡಿ ತೆಗೆಯುವ ಯಂತ್ರಕ್ಕೆ ಅಲ್ಲಿನ ವಾನ್ ಹೌಟನ್ ಮನೆತನ 1828ರಲ್ಲೇ ಹಕ್ಕುಸ್ವಾಮ್ಯ ಪಡೆದಿತ್ತು. ಡಚ್ ಭಾಷೆಯ ಗಂಧವಿಲ್ಲದ ಜಾರ್ಜ್ ನಿಘಂಟು ಹಿಡಿದು ಅಲ್ಲಿಗೆ ಹೋಗಿ, ಉಳಿದ ಬಂಡವಾಳವನ್ನು ಪಣಕ್ಕಿಟ್ಟು ಆ ಯಂತ್ರ ತಂದರು. 1866ರ ಕೊನೆಯಲ್ಲಿ ಕೋಕೋ ಎಸೆನ್ಸ್ ಮಾರುಕಟ್ಟೆಗೆ ಬಂತು. ಕೊಬ್ಬಿನ ಬಹುಪಾಲು ಹೋದ ಮೇಲೆ ಹಿಟ್ಟಿನ ಹಂಗು ಏಕೆ? ತುಸು ಬಿಸಿ ಹಾಲಿನಲ್ಲಿ ಪುಡಿಯನ್ನು ಮೊದಲು ನುಣ್ಣಗೆ ಕಲಸಿ, ಅನಂತರ ಉಳಿದ ಹಾಲು ಸುರಿದು ಸಕ್ಕರೆ ಕದಡಿದರೆ ಸಾಕು. ತೆಳುವಾದ, ಘಮಘಮಿಸುವ, ನಾಲಿಗೆಗೆ ಹಿತವಾದ ಕಹಿಯುಳ್ಳ ಪೇಯ ಸಿದ್ಧ. ಇಂದು ಕೋಕೋ ಎಂದು ಕುಡಿಯುವುದು ಬಹುಮಟ್ಟಿಗೆ ಇದನ್ನೇ. ಹಿಂಡಿ ತೆಗೆದ ಕೊಬ್ಬಿನಿಂದ ತಿನ್ನುವ ಚಾಕೊಲೇಟ್ ಹೇರಳವಾಯಿತು ಎಂಬುದು ಈ ಕಥೆಯ ಉಪಫಲ.

ತಮ್ಮದು ಕಲಬೆರಕೆಯಿಲ್ಲದ ಕೋಕೋ ಎಂದು ಸಹೋದರರು ಊರೂರಿನಲ್ಲಿ ಸಾರಿದರು, ವೈದ್ಯರಿಗೆ ಮಾದರಿ ಕಳುಹಿಸಿದರು. 1872 ಮತ್ತು 1875ರ ಆಹಾರ ಕಲಬೆರಕೆ ಕಾಯ್ದೆಗಳು ಅವರಿಗೆ ವರವಾದವು. ಧರ್ಮವೂ ಲಾಭವೂ ಒಂದೇ ಬಟ್ಟಲಿಗೆ ಬಂದ ಅಪರೂಪದ ಸಂದರ್ಭವದು. ಆದರೂ ಗ್ರಾಹಕರು ಕ್ಷಾರ ಬೆರೆಸಿದ ಡಚ್ ಕೋಕೋದ ಕಡುಬಣ್ಣಕ್ಕೆ ಮಾರುಹೋದಾಗ 1906ರಲ್ಲಿ ಕ್ಯಾಡ್ಬರಿಯವರೂ ಅದೇ ಬಗೆಯ ಬೋರ್ನ್‌ವಿಲ್ ಕೋಕೋ ಹೊರತರಬೇಕಾಯಿತು.

1879ರಲ್ಲಿ ಕಾರ್ಖಾನೆ ನಗರದ ಹೊಗೆಯಿಂದ ಸುಮಾರು ನಾಲ್ಕು ಮೈಲಿ ದೂರದ ಹಸಿರು ಬಯಲಿಗೆ ಸಾಗಿತು. ಅಲ್ಲಿ ಹರಿಯುತ್ತಿದ್ದ ಬೋರ್ನ್ ಎಂಬ ಹಳ್ಳದ ಹೆಸರಿಗೆ ಫ್ರೆಂಚ್ ಬಾಲವೊಂದನ್ನು ಅಂಟಿಸಿ ಬೋರ್ನ್‌ವಿಲ್ ಎಂದು ಹೆಸರಿಟ್ಟರು. ಆಗ ಚಾಕೊಲೇಟಿಗೆ ಫ್ರಾನ್ಸಿನ ಹೆಸರೇ ದೊಡ್ಡದು. ಸುಮಾರು ಅರ್ಧ ಶತಮಾನ ಪ್ರತಿ ಭಾನುವಾರ ಬೆಳಿಗ್ಗೆ ಬರ್ಮಿಂಗ್‌ಹ್ಯಾಮಿನ ವಯಸ್ಕರ ಶಾಲೆಯಲ್ಲಿ ಪಾಠ ಹೇಳಿದ ಜಾರ್ಜ್, ಬಡ ಕಾರ್ಮಿಕರ ಕತ್ತಲ ಮನೆಗಳನ್ನು ಕಣ್ಣಾರೆ ಕಂಡಿದ್ದರು. 1895ರಿಂದ ಅವರು ಕಾರ್ಖಾನೆಯ ಸುತ್ತ ಮನೆಗಳನ್ನು ಕಟ್ಟಿಸಿದರು. ಪ್ರತಿ ಮನೆಗೂ ಕೈತೋಟ, ಅದರಲ್ಲಿ ಹಣ್ಣಿನ ಗಿಡಗಳು. ಊರಲ್ಲಿ ಹೆಂಡದಂಗಡಿ ಇಲ್ಲ. ತಮ್ಮ ನೌಕರರಲ್ಲದವರಿಗೂ ಮನೆ ಕೊಟ್ಟರು. 1900ರಲ್ಲಿ 330 ಎಕರೆ ನೆಲವನ್ನೂ 313 ಮನೆಗಳನ್ನೂ ಒಂದು ಟ್ರಸ್ಟಿಗೆ ಒಪ್ಪಿಸಿ, ತಮ್ಮ ಒಡೆತನವನ್ನು ಬಿಟ್ಟುಕೊಟ್ಟರು. ಅಣ್ಣ ರಿಚರ್ಡ್ ಅದರ ಹಿಂದಿನ ವರ್ಷವೇ ಜೆರುಸಲೇಮಿನಲ್ಲಿ ತೀರಿಕೊಂಡಿದ್ದರು.

ಒಂದು ಕಾಲಕ್ಕೆ ಪತ್ರಿಕೆ ಕೊಳ್ಳುವುದನ್ನೇ ಬಿಟ್ಟಿದ್ದವರು 1901ರಲ್ಲಿ ಲಂಡನ್ನಿನ ಡೈಲಿ ನ್ಯೂಸ್ ಪತ್ರಿಕೆಯನ್ನೇ ಕೊಂಡರು. ಬೋಯರ್ ಯುದ್ಧವನ್ನು ವಿರೋಧಿಸುವುದು ಅದರ ಉದ್ದೇಶ. ಕುದುರೆ ಜೂಜಿನ ಸುದ್ದಿಗೂ ಮದ್ಯದ ಜಾಹೀರಾತಿಗೂ ಅಲ್ಲಿ ಜಾಗವಿರಲಿಲ್ಲ. ದಕ್ಷಿಣ ಆಫ್ರಿಕದ ಚಿನ್ನದ ಗಣಿಗಳಿಗೆ ಚೀನೀ ಕೂಲಿಗಳನ್ನು ಕರಾರಿನ ಮೇಲೆ ತಂದು ದುಡಿಸುವುದನ್ನು ಆ ಪತ್ರಿಕೆ ಉಗ್ರವಾಗಿ ಖಂಡಿಸಿತು. ಆ ಹೊತ್ತಿಗೆ ಜಾರ್ಜ್ ಅವರ ಸ್ವಂತ ಕೋಕೋ ಬೀಜ ಎಲ್ಲಿಂದ ಬರುತ್ತಿತ್ತು?

ಅದರ ಅರ್ಧದಷ್ಟು ಪಾಲು ಆಫ್ರಿಕದ ಪಶ್ಚಿಮಕ್ಕಿರುವ, ಪೋರ್ಚುಗೀಸರ ವಶದಲ್ಲಿದ್ದ ಸಾವೊ ತೊಮೆ ದ್ವೀಪದಿಂದ ಬರುತ್ತಿತ್ತು. ಕಾಗದದ ಮೇಲೆ ಗುಲಾಮಗಿರಿ ಅಲ್ಲಿ ಹಿಂದೆಯೇ ರದ್ದಾಗಿತ್ತು. ಅಂಗೋಲದ ಒಳನಾಡಿನಿಂದ ತಂದವರು ಐದು ವರ್ಷದ ಕರಾರಿಗೆ ಒಳಪಟ್ಟ ಕಾರ್ಮಿಕರು ಎಂಬುದು ಪೋರ್ಚುಗೀಸರ ವಾದ. ಆದರೆ ದ್ವೀಪಕ್ಕೆ ಹೋದವರು ಮರಳಿ ಬರುತ್ತಿರಲಿಲ್ಲ. 1901ರಲ್ಲಿ ಅಲ್ಲಿನ ತೋಟವೊಂದು ಮಾರಾಟಕ್ಕಿದೆ ಎಂದು ಕಂಪನಿಗೆ ಬಂದ ಪಟ್ಟಿಯಲ್ಲಿ, ಇತರ ಆಸ್ತಿಯ ಜೊತೆಗೆ 200 ಕರಿಯ ಕಾರ್ಮಿಕರನ್ನೂ ಸೇರಿಸಿ 3,555 ಪೌಂಡ್ ಬೆಲೆ ಕಟ್ಟಲಾಗಿತ್ತು. ಮನುಷ್ಯರಿಗೆ ಬೆಲೆಚೀಟಿ ಅಂಟಿಸಿದ ಆ ಪಟ್ಟಿಯನ್ನು ಕಂಡ ಮೇಲೆ ಸಂಶಯಕ್ಕೆ ಎಡೆಯಿರಲಿಲ್ಲ.

ಆಮೇಲೆ ನಡೆದದ್ದು ಜಾರ್ಜ್ ಅವರ ಬದುಕಿನ ಅತ್ಯಂತ ಕಷ್ಟದ ಅಧ್ಯಾಯ. ಖರೀದಿ ಒಮ್ಮೆಲೇ ನಿಲ್ಲಿಸಿದರೆ ಪೋರ್ಚುಗೀಸರ ಮೇಲಿನ ಹಿಡಿತವೇ ತಪ್ಪುತ್ತದೆ ಎಂದು ಕಂಪನಿ ಭಾವಿಸಿತು. ರಿಚರ್ಡ್ ಅವರ ಮಗ ವಿಲಿಯಂ ಲಿಸ್ಬನ್ನಿಗೆ ಹೋಗಿ ಬಂದರು. 1905ರಲ್ಲಿ ಜೋಸೆಫ್ ಬರ್ಟ್ ಎಂಬುವರನ್ನು ತನಿಖೆಗೆ ಆಫ್ರಿಕಕ್ಕೆ ಕಳುಹಿಸಲಾಯಿತು. ಅವರು ಮರಳಿದ್ದು 1907ರಲ್ಲಿ. ಇತ್ತ ಪತ್ರಕರ್ತ ಹೆನ್ರಿ ನೆವಿನ್ಸನ್ ತಾವೇ ಅಂಗೋಲ ಸುತ್ತಿ ಬಂದು, ಅದು ಗುಲಾಮಗಿರಿಯೇ ಹೌದೆಂದು ಜಗತ್ತಿಗೆ ತಿಳಿಸಿಯಾಗಿತ್ತು. ಟ್ರಾನ್ಸ್‌ವಾಲ್ ಗಣಿಗಳಿಗೆ ಪೋರ್ಚುಗೀಸ್ ಮೊಜಾಂಬಿಕ್‌ನ ಕೂಲಿಗಳು ಬೇಕಾಗಿದ್ದ ಬ್ರಿಟಿಷ್ ಸರ್ಕಾರ ತಾಳ್ಮೆಯ ಪಾಠ ಹೇಳುತ್ತಿತ್ತು. ಬೀಜದ ಖರೀದಿ ನಡೆದೇ ಇತ್ತು.

1908ರ ಸೆಪ್ಟೆಂಬರಿನಲ್ಲಿ ಸ್ಟ್ಯಾಂಡರ್ಡ್ ಪತ್ರಿಕೆ ಇದನ್ನೆತ್ತಿ ಆಡಿತು. ಚೀನೀಯರಿಗಾಗಿ ಮರುಗುವವರಿಗೆ ತಮ್ಮ ಕೋಕೋ ಬೆಳೆಯುವ ಆಫ್ರಿಕನ್ನರು ಕಾಣಲಿಲ್ಲವೇ ಎಂಬುದು ಅದರ ಚುಚ್ಚುಮಾತಿನ ತಿರುಳು. ಕ್ಯಾಡ್ಬರಿ ಕಂಪನಿ ಮಾನನಷ್ಟ ಮೊಕದ್ದಮೆ ಹೂಡಿತು. 1909ರ ಮಾರ್ಚಿನಲ್ಲಿ, ವಿಚಾರಣೆಗೆ ಮುನ್ನವೇ, ಸಾವೊ ತೊಮೆಯ ಬೀಜವನ್ನು ಬಹಿಷ್ಕರಿಸುವುದಾಗಿ ಪ್ರಕಟಿಸಿತು. ಫ್ರೈ, ರೌನ್‌ಟ್ರೀ ಜೊತೆಗೂಡಿದವು. ವರ್ಷದ ಕೊನೆಗೆ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ವಿಚಾರಣೆಯಲ್ಲಿ ಪತ್ರಿಕೆಯ ಪರ ವಕೀಲ ಎಡ್ವರ್ಡ್ ಕಾರ್ಸನ್ ವಿಲಿಯಂ ಅವರನ್ನು ನಿರ್ದಾಕ್ಷಿಣ್ಯವಾಗಿ ಪ್ರಶ್ನಿಸಿದರು. ಎಂಟು ವರ್ಷ ತಿಳಿದೂ ಕೊಂಡದ್ದೇಕೆ ಎಂಬುದರ ಸುತ್ತಲೇ ಪ್ರಶ್ನೆಗಳು ಸುತ್ತಿದವು. ಪಂಚರು ಕ್ಯಾಡ್ಬರಿಯವರ ಪರವಾಗಿ ತೀರ್ಪಿತ್ತರು. ಪರಿಹಾರವೆಂದು ಅವರು ಕೊಡಿಸಿದ್ದು ಒಂದು ಫಾರ್ದಿಂಗ್, ಎಂದರೆ ಕಾಲು ಪೆನ್ನಿ. ಮೊಕದ್ದಮೆಯ ವೆಚ್ಚವನ್ನು ಪತ್ರಿಕೆಯೇ ಭರಿಸಬೇಕಾಯಿತು ನಿಜ, ಆದರೆ ಆ ಫಾರ್ದಿಂಗ್ ಏನು ಹೇಳಿತೆಂಬುದು ಎಲ್ಲರಿಗೂ ಅರ್ಥವಾಗಿತ್ತು.

ಕಂಪನಿ ಬೀಜಕ್ಕಾಗಿ ಗೋಲ್ಡ್ ಕೋಸ್ಟ್‌ನತ್ತ, ಎಂದರೆ ಇಂದಿನ ಘಾನಾದತ್ತ ತಿರುಗಿತು. ಅಲ್ಲಿ ಸಣ್ಣ ರೈತರು ತಮ್ಮ ಹೊಲಗಳಲ್ಲೇ ಕೋಕೋ ಬೆಳೆಯುತ್ತಿದ್ದರು. 1911ರ ವೇಳೆಗೆ ಕೋಕೋ ಉತ್ಪಾದನೆಯಲ್ಲಿ ಆ ನಾಡು ಜಗತ್ತಿಗೇ ಮೊದಲಿನದಾಯಿತು.

ಜಾರ್ಜ್ ಕ್ಯಾಡ್ಬರಿ 1922ರ ಅಕ್ಟೋಬರ್ 24ರಂದು ತಮ್ಮ 83ನೆಯ ವಯಸ್ಸಿನಲ್ಲಿ ನಿಧನರಾದರು. ಬೋರ್ನ್‌ವಿಲ್‌ನ ಹಸಿರು ಬಯಲಿನಲ್ಲಿ ನಡೆದ ಸ್ಮರಣಸಭೆಗೆ ಸಾವಿರಾರು ಜನ ಸೇರಿದ್ದರು. 2010ರಲ್ಲಿ ಕ್ಯಾಡ್ಬರಿ ಕಂಪನಿ ಅಮೆರಿಕದ ಕ್ರಾಫ್ಟ್ ಸಂಸ್ಥೆಯ ಪಾಲಾಯಿತು. ಜಾರ್ಜ್ 1900ರಲ್ಲೇ ಕಂಪನಿಯಿಂದ ಬೇರ್ಪಡಿಸಿ ಟ್ರಸ್ಟಿಗೆ ಕೊಟ್ಟಿದ್ದ ಮನೆಗಳು, ಕೈತೋಟಗಳು ಆ ಮಾರಾಟದಲ್ಲಿ ಸೇರಲಿಲ್ಲ.