ಖಡ್ಗವನ್ನು ಕೆಳಗಿಟ್ಟ ಸಿಪಾಯಿ

ಮಾರ್ಟಿನನೆಂಬ ಹೆಸರು ಕಿವಿಗೆ ಬಿದ್ದೊಡನೆ ನಮಗೆ ಲೂಥರನ ನೆನಪಾಗುವದು. ಲೂಥರನಿಗಾದರೋ ಆ ಹೆಸರು ಬಂದದ್ದು ಅವನಿಗಿಂತ ಸಾವಿರ ವರುಷಗಳಿಗೂ ಮುಂಚೆ ಬಾಳಿದ ಒಬ್ಬ ರೋಮನ್ ಸಿಪಾಯಿಯಿಂದ. ಆ ಸಿಪಾಯಿಯ ಸ್ಮರಣೆಯ ದಿನವಾದ 1483ನೆಯ ನವೆಂಬರ್ 11ರಂದೇ ಕೂಸಿಗೆ ದೀಕ್ಷಾಸ್ನಾನವಾಯಿತು. ಆ ಹಿಂದಿನ ಮಾರ್ಟಿನನ ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ.

ಅವನು ಹುಟ್ಟಿದ್ದು ಈಗಿನ ಹಂಗೇರಿ ದೇಶಕ್ಕೆ ಸೇರಿದ ಸಬಾರಿಯ ಎಂಬ ಊರಲ್ಲಿ; ಬೆಳೆದದ್ದು ಇಟಲಿಯ ಪಾವಿಯದಲ್ಲಿ. ತಂದೆಯು ದಂಡಿನ ಅಧಿಕಾರಿ, ಅನ್ಯದೇವತೆಗಳ ಭಕ್ತ. ಮಗನು ಹತ್ತನೆಯ ವಯಸ್ಸಿನಲ್ಲಿಯೇ ಸಭೆಗೆ ಓಡಿಹೋಗಿ, ಉಪದೇಶ ಹೊಂದುವವರೊಡನೆ ತನ್ನನ್ನೂ ಸೇರಿಸಿಕೊಳ್ಳಬೇಕೆಂದು ಬೇಡಿಕೊಂಡನು. ದಂಡಾಳುಗಳ ಮಕ್ಕಳು ದಂಡಿಗೇ ಸೇರತಕ್ಕದ್ದೆಂಬ ರಾಜಾಜ್ಞೆ ಆಗ ಇದ್ದಿತು. ತಂದೆಯೇ ಹಿಡಿದುಕೊಟ್ಟನು; 15 ವರುಷದ ಹುಡುಗನಿಗೆ ಸಂಕೋಲೆ ತೊಡಿಸಿ ಸೈನಿಕನ ಪ್ರಮಾಣ ಮಾಡಿಸಿದರು. ದಂಡಿನಲ್ಲಿ ಅವನಿಗಿದ್ದವನು ಒಬ್ಬನೇ ಆಳು; ಆ ಆಳಿನ ಪಾದರಕ್ಷೆಗಳನ್ನು ಒಡೆಯನೇ ಒರಸುತ್ತಿದ್ದನು.

ಈಗ ಫ್ರಾನ್ಸ್ ಎನಿಸುವ ಗಾಲ್ ದೇಶದ ಅಮಿಯಾನ್ ಪಟ್ಟಣದ ಬಾಗಲಲ್ಲಿ, ಜನರು ಸಾಯುವಷ್ಟು ಚಳಿಯಿದ್ದ ಕಾಲದಲ್ಲಿ, ಬತ್ತಲೆಯಾದ ಭಿಕ್ಷುಕನೊಬ್ಬನು ಅವನಿಗೆ ಎದುರಾದನು. ಉಳಿದದ್ದನ್ನೆಲ್ಲಾ ಮೊದಲೇ ಕೊಟ್ಟುಬಿಟ್ಟಿದ್ದ ಮಾರ್ಟಿನನು ತನ್ನ ಹೊದಿಕೆಯನ್ನು ಖಡ್ಗದಿಂದ ಎರಡಾಗಿ ಸೀಳಿ ಅರ್ಧವನ್ನು ಅವನಿಗೆ ಹೊದಿಸಿದನು. ಚಿತ್ರಕಾರರು ಅವನನ್ನು ಕುದುರೆಯ ಮೇಲೆ ಕುಳ್ಳಿರಿಸುತ್ತಾರೆ; ಅವನ ಚರಿತ್ರೆ ಬರೆದ ಶಿಷ್ಯನಾದ ಸುಲ್ಪಿಸಿಯ ಸೆವೇರನು ಕುದುರೆಯ ಮಾತೆತ್ತಿಲ್ಲ. ಹರಕು ಹೊದ್ದ ಸಿಪಾಯಿಯನ್ನು ಕಂಡು ಕೆಲವರು ನಕ್ಕರೆಂದು ಮಾತ್ರ ಹೇಳಿದ್ದಾನೆ. ಆ ರಾತ್ರಿ ಕ್ರಿಸ್ತನು ಅದೇ ತುಂಡನ್ನು ಧರಿಸಿಕೊಂಡಿರುವದನ್ನು ಕನಸಿನಲ್ಲಿ ಕಂಡು, ಮಾರ್ಟಿನನು ದೀಕ್ಷಾಸ್ನಾನ ಹೊಂದಿದನು.

ರೈನ್ ನದಿಯ ದಡದ ವರ್ಮ್ಸ್ ಪಟ್ಟಣದಲ್ಲಿ, 356ರಲ್ಲೆಂದು ಎಣಿಸುತ್ತಾರೆ, ಕೈಸರನಾದ ಯೂಲಿಯಾನನು ಯುದ್ಧದ ಮುಂಚೆ ಸಿಪಾಯಿಗಳನ್ನು ಒಬ್ಬೊಬ್ಬರಾಗಿ ಕರೆದು ಇನಾಮು ಹಂಚುತ್ತಿದ್ದನು. ಮಾರ್ಟಿನನು ಅದನ್ನು ತಕ್ಕೊಳ್ಳದೆ, ತಾನು ಇನ್ನು ಕ್ರಿಸ್ತನ ಸಿಪಾಯಿಯಾದದರಿಂದ ಕಾದಾಡಲಾರೆನೆಂದು ಬಿಡುಗಡೆ ಕೇಳಿದನು. ಹೇಡಿಯೆಂದು ಕೈಸರನು ಹಳಿಯಲಾಗಿ, ಮರುದಿನ ಆಯುಧವಿಲ್ಲದೆ ಸೇನೆಯ ಮುಂದೆ ನಿಲ್ಲುವೆನೆಂದನು. ಅವನನ್ನು ಕಾವಲಲ್ಲಿಟ್ಟರು. ಬೆಳಗಾದಾಗ ಶತ್ರುಗಳೇ ಸಂಧಾನಕ್ಕೆ ಬಂದರಂತೆ.

ಆಮೇಲೆ ಅವನು ಪೊವಾತಿಯೆಯ ಹಿಲಾರಿಯನನ್ನು ಆಶ್ರಯಿಸಿದನು. 371ರಲ್ಲಿ ತೂರ್ ಪಟ್ಟಣದ ಬಿಷಪನಾದನು.

ನಮ್ಮ ಮನಸ್ಸಿಗೆ ಹೊದಿಕೆಯ ಕಥೆಗಿಂತ ಹೆಚ್ಚಾಗಿ ನಾಟುವದು ಅವನ ಮುಪ್ಪಿನ ಸಂಗತಿ. ಸ್ಪೇನಿನ ಪ್ರಿಸಿಲ್ಲಿಯಾನನೆಂಬ ಬಿಷಪನನ್ನು ದುರ್ಬೋಧಕನೆಂದು ಬೇರೆ ಬಿಷಪರೇ ಚಕ್ರವರ್ತಿ ಮಾಕ್ಸಿಮನ ಮುಂದೆ ಎಳೆದರು. ಸಭೆಯಿಂದ ಹೊರಗೆ ಹಾಕಿದರೆ ಸಾಕು, ರಕ್ತ ಚೆಲ್ಲಬಾರದು ಎಂದು ಮಾರ್ಟಿನನು ಟ್ರಿಯರ್ ಪಟ್ಟಣದಲ್ಲಿ ವಾದಿಸಿ ಚಕ್ರವರ್ತಿಯ ಮಾತು ಪಡೆದನು. ಅವನು ಹೊರಟುಹೋದ ಮೇಲೆ, ಸುಮಾರು 385ರಲ್ಲಿ, ಪ್ರಿಸಿಲ್ಲಿಯಾನನ ತಲೆ ಹಾರಿತು. ಉಳಿದವರನ್ನು ಹುಡುಕಿ ಕೊಲ್ಲಲು ಸ್ಪೇನಿಗೆ ದಂಡಿನ ಅಧಿಕಾರಿಗಳು ಹೊರಡುವದರಲ್ಲಿದ್ದರು. ಮಾರ್ಟಿನನು ತಿರಿಗಿ ಬಂದನು. ಆ ಬಿಷಪರೊಡನೆ ಅನ್ಯೋನ್ಯತೆಯಲ್ಲಿ ಸೇರಿದರೆ ಮಾತ್ರ ದಂಡನ್ನು ತಡೆಯುವೆನೆಂದು ಚಕ್ರವರ್ತಿ ಪಟ್ಟು ಹಿಡಿದನು. ಮಾರ್ಟಿನನು ಒಂದು ದಿನ ಸೇರಿದನು, ಪ್ರಾಣಗಳು ಉಳಿದವು. ಮರುದಿನ ದುಃಖಿಸುತ್ತಾ ಊರ ದಾರಿ ಹಿಡಿದನು. ಅಂದಿನಿಂದ, 397ರಲ್ಲಿ ಕಾಂದ್ ಎಂಬ ಹಳ್ಳಿಗೆ ಅಲ್ಲಿನ ಬೋಧಕರ ಜಗಳ ತೀರಿಸಲು ಹೋಗಿ ಅಲ್ಲಿಯೇ ಪ್ರಾಣಬಿಡುವ ತನಕ, ಬಿಷಪರ ಯಾವ ಕೂಟಕ್ಕೂ ಅವನು ಹೋಗಲಿಲ್ಲ.