ಹತ್ತೊಂಬತ್ತೂವರೆ ದಿನಗಳ ದೂರ

ನಗರಗಳ ನಡುವಣ ಅಂತರವನ್ನು ನಾವೀಗ ಗಂಟೆಗಳಲ್ಲಿ ಹೇಳುತ್ತೇವೆ. 2018ರಲ್ಲಿ ಆಸ್ಟ್ರೇಲಿಯದ ಪರ್ತ್ ಮತ್ತು ಲಂಡನ್ ನಡುವೆ ನೇರ ವಿಮಾನ ಆರಂಭವಾದಾಗ, ಸುಮಾರು 14,500 ಕಿ.ಮೀ. ದೂರ 17 ಗಂಟೆಗಳಷ್ಟಕ್ಕೆ ಇಳಿಯಿತು. 1930ರಲ್ಲಿ ಲಂಡನ್ನಿನಿಂದ ಅದೇ ಖಂಡದ ಡಾರ್ವಿನ್ ತಲುಪಲು ಏಮಿ ಜಾನ್ಸನ್ ಅವರಿಗೆ ಹತ್ತೊಂಬತ್ತೂವರೆ ದಿನಗಳು ಬೇಕಾದವು.

ಏಮಿ ಹುಟ್ಟಿದ್ದು 1903ರಲ್ಲಿ, ಇಂಗ್ಲೆಂಡಿನ ಹಲ್ ಬಂದರಿನ ಮೀನು ವ್ಯಾಪಾರಿಯೊಬ್ಬರ ಮಗಳಾಗಿ. ಶೆಫೀಲ್ಡ್‌ನಲ್ಲಿ ಅರ್ಥಶಾಸ್ತ್ರ ಓದಿ, ಲಂಡನ್ನಿನ ವಕೀಲರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಬಿಡುವಿನಲ್ಲಿ ವಿಮಾನ ಹಾರಿಸಲು ಕಲಿತರು. ಅಷ್ಟಕ್ಕೇ ನಿಲ್ಲದೆ ಕೈಗೆ ಮಸಿ ಹತ್ತಿಸಿಕೊಂಡು ಎಂಜಿನ್ ಬಿಚ್ಚಿ ಜೋಡಿಸುವುದನ್ನೂ ಕಲಿತು, ವಿಮಾನ ತಂತ್ರಜ್ಞರ ಪರವಾನಗಿ ಪಡೆದ ಮೊದಲ ಬ್ರಿಟಿಷ್ ಮಹಿಳೆಯಾದರು.

1930ರ ಮೇ 5ರಂದು ಕ್ರಾಯ್ಡನ್‌ನಿಂದ ಒಂಟಿಯಾಗಿ ಹೊರಟಾಗ, ಅದಕ್ಕೆ ಮುನ್ನ ಅವರು ಕ್ರಮಿಸಿದ್ದ ಅತಿ ದೂರದ ಹಾದಿ ಲಂಡನ್ನಿನಿಂದ ಹಲ್‌ಗೆ ಮಾತ್ರ. ‘ಜೇಸನ್’ ಹೆಸರಿನ ಅವರ ಜಿಪ್ಸಿ ಮಾತ್ ವಿಮಾನ ಗಂಟೆಗೆ ಸುಮಾರು 135 ಕಿ.ಮೀ. ವೇಗದ್ದು. ಸುಮಾರು 17,700 ಕಿ.ಮೀ. ಹಾದಿಯನ್ನು ಎಡೆಬಿಡದೆ ಹಾರಿದ್ದರೆ ಐದೂವರೆ ದಿನ ಸಾಕಿತ್ತು. ಉಳಿದ ದಿನಗಳು ರಾತ್ರಿಯ ತಂಗುವಿಕೆಗೆ, ಪೆಟ್ರೋಲಿಗೆ, ದುರಸ್ತಿಗೆ, ಹವಾಮಾನಕ್ಕೆ ಸಂದವು. ಇರಾಕಿನ ಮರಳು ಬಿರುಗಾಳಿ ಅವರನ್ನು ನೆಲಕ್ಕಿಳಿಸಿತು. ಆದರೂ ಆರು ದಿನಗಳಲ್ಲಿ ಕರಾಚಿ ತಲುಪಿ, 1928ರಲ್ಲಿ ಇದೇ ಯಾನ ಕೈಗೊಂಡಿದ್ದ ಬರ್ಟ್ ಹಿಂಕ್ಲರ್‌ಗಿಂತ ಎರಡು ದಿನ ಮುಂದಿದ್ದರು. ಇಂಧನ ಸಾಲದೆ ಝಾನ್ಸಿಯ ಕವಾಯತು ಮೈದಾನದಲ್ಲಿ ಇಳಿಯಬೇಕಾಯಿತು. ರಂಗೂನಿನ ಬಳಿ ವಿಮಾನ ಹಳ್ಳಕ್ಕೆ ನುಗ್ಗಿ ಜಖಂಗೊಂಡಿತು. ಅಲ್ಲಿನ ತಾಂತ್ರಿಕ ಶಾಲೆಯವರು ಅದನ್ನು ಸರಿಪಡಿಸಲು ನೆರವಾದರು.

ಮೇ 24ರಂದು ಡಾರ್ವಿನ್ ಮುಟ್ಟುವ ವೇಳೆಗೆ ಹಿಂಕ್ಲರ್ ಅವರ ಹದಿನೈದೂವರೆ ದಿನಗಳ ದಾಖಲೆ ಕೈತಪ್ಪಿತ್ತು. ಏಮಿ ಇದನ್ನು ಸೋಲೆಂದೇ ಭಾವಿಸಿದರು. ಜನ ಹಾಗೆ ಭಾವಿಸಲಿಲ್ಲ. ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಒಂಟಿಯಾಗಿ ಹಾರಿದ ಮೊದಲ ಮಹಿಳೆ ಅವರಾಗಿದ್ದರು. ಆ ಹಾರಾಟ ಇನ್ನೊಂದು ಸತ್ಯವನ್ನೂ ತೋರಿತ್ತು: ಪ್ರಯಾಣದ ಅವಧಿಯನ್ನು ಎಂಜಿನ್ನಿನ ವೇಗಕ್ಕಿಂತ ಹೆಚ್ಚಾಗಿ ಕೆಳಗಿನ ನೆಲದ ಸಿದ್ಧತೆಯೇ ನಿರ್ಧರಿಸುತ್ತದೆ. ನಿಲ್ದಾಣ, ಹವಾಮಾನ ಮುನ್ಸೂಚನೆ, ರೇಡಿಯೊಗಳ ಜಾಲ ಹಬ್ಬಿದಂತೆ ದಿನಗಳು ಕರಗಿದವು.

ಆ ನೆರವು ಕೈಕೊಟ್ಟಾಗ ಹತ್ತಿರದ ಊರೂ ದೂರವಾಗುತ್ತದೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನಗಳನ್ನು ವಾಯುನೆಲೆಗಳಿಗೆ ಮುಟ್ಟಿಸುವ ಸೇವೆಗೆ ಏಮಿ ಸೇರಿದ್ದರು. 1941ರ ಜನವರಿ 5ರಂದು ಬ್ಲ್ಯಾಕ್‌ಪೂಲ್‌ನಿಂದ ಆಕ್ಸ್‌ಫರ್ಡ್ ಬಳಿಯ ಕಿಡ್ಲಿಂಗ್ಟನ್‌ಗೆ ಹೊರಟರು. ಅದು ಒಂದು ಗಂಟೆಯ ಹಾದಿ. ಕೆಟ್ಟ ಹವೆಯಲ್ಲಿ ದಾರಿ ತಪ್ಪಿದ ವಿಮಾನ ಮೂರೂವರೆ ಗಂಟೆಗೂ ಹೆಚ್ಚು ಕಾಲದ ನಂತರ ಥೇಮ್ಸ್ ನದೀಮುಖದಲ್ಲಿ ಬಿದ್ದಿತು. ರಕ್ಷಣೆಗೆಂದು ಹೆಪ್ಪುಗಟ್ಟಿಸುವ ನೀರಿಗೆ ಧುಮುಕಿದ ನೌಕಾಧಿಕಾರಿ ವಾಲ್ಟರ್ ಫ್ಲೆಚರ್ ಕೂಡ ಉಳಿಯಲಿಲ್ಲ. ಅರ್ಧ ಭೂಮಂಡಲವನ್ನು ದಾಟಿ ಗುರಿ ಮುಟ್ಟಿದ್ದ ಏಮಿಯ ದೇಹ ಕೊನೆಗೂ ಸಿಗಲಿಲ್ಲ.