ಸದ್ದಡಗಿಸಿದ ಮಗ

ಗುರುವಾಯನಕೆರೆಯಿಂದ ವೇಣೂರು ದಾರಿಯಾಗಿ ಮೂಡುಬಿದಿರೆಯ ಕಾಲೇಜಿಗೆ ನಾನು ಬೈಕಿನಲ್ಲಿ ಹೋಗಿಬರುತ್ತೇನೆ. ಗೆಳೆಯರ ಮಾತು ಕೇಳಿ ಅದರ ಸೈಲೆನ್ಸರ್ ತೆಗೆಸಿ, ಗುಡುಗಿನಂತೆ ಸದ್ದು ಮಾಡುವ ಬೇರೊಂದನ್ನು ಹಾಕಿಸಿದ್ದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಪಕ್ಕದ ಮನೆಯ ಮಗು ಬೆಚ್ಚಿಬಿದ್ದು ಅಳುತ್ತಿತ್ತು. ಅಂಗಳದಲ್ಲೇ ನಿಂತಿದ್ದ ಅಪ್ಪ ಮಾತ್ರ ತಿರುಗಿಯೂ ನೋಡುತ್ತಿರಲಿಲ್ಲ. ಬಂಟ್ವಾಳದ ಕಡೆಯ ಕೆಂಪುಕಲ್ಲಿನ ಕೋರೆಗಳಲ್ಲಿ ವರ್ಷಗಟ್ಟಲೆ ಕಲ್ಲು ಕಡಿಯುವ ಮೆಷಿನ್ ಓಡಿಸಿ ಅವರ ಕಿವಿ ಮಂದವಾಗಿದೆ.

ಕಾಲೇಜಿನ ಸೆಮಿನಾರಿಗೆಂದು ಸೈಲೆನ್ಸರ್ ಬಗ್ಗೆ ಓದುತ್ತಿದ್ದಾಗ ಹೈರಮ್ ಪರ್ಸಿ ಮ್ಯಾಕ್ಸಿಂ ಅವರ ಪರಿಚಯವಾಯಿತು. ಅವರ ಅಪ್ಪನೂ ಮೆಷಿನ್ನಿನ ಸದ್ದಿಗೇ ಕಿವಿ ಕಳೆದುಕೊಂಡವರು ಎಂದು ತಿಳಿದ ಮೇಲೆ ಪುಸ್ತಕ ಮುಚ್ಚಲು ಮನಸ್ಸಾಗಲಿಲ್ಲ.

ಪರ್ಸಿ ಹುಟ್ಟಿದ್ದು 1869ರಲ್ಲಿ, ಅಮೆರಿಕದ ಬ್ರೂಕ್ಲಿನ್‌ನಲ್ಲಿ. ತಂದೆ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಂ, ಜಗತ್ತನ್ನೇ ನಡುಗಿಸಿದ ಮ್ಯಾಕ್ಸಿಂ ಮೆಷಿನ್ ಗನ್ ತಯಾರಿಸಿದವರು. ಗುಂಡಿನ ಸದ್ದಿನಲ್ಲೇ ಬದುಕಿದ ಅವರಿಗೆ ಕೊನೆಕೊನೆಗೆ ಏನೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹೆಂಡತಿ ಮಕ್ಕಳನ್ನು ಅಮೆರಿಕದಲ್ಲೇ ಬಿಟ್ಟು ಅವರು ಇಂಗ್ಲೆಂಡಿನಲ್ಲಿ ನೆಲೆಸಿದಾಗ ಪರ್ಸಿ ಇನ್ನೂ ಹುಡುಗ. ಅಪ್ಪನ ಹೆಸರು ದೊಡ್ಡದು, ಆದರೆ ದಾರಿಯನ್ನು ಮಗನೇ ಹುಡುಕಿಕೊಳ್ಳಬೇಕಾಯಿತು.

ಎಂಐಟಿಯಲ್ಲಿ ಯಂತ್ರವಿದ್ಯೆ ಕಲಿತು 1886ರಲ್ಲಿ ಹೊರಬಂದ ಪರ್ಸಿ, ಮುಂದೆ ಲಿನ್ ಎಂಬ ಊರಿನ ಮದ್ದುಗುಂಡು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬಿಡುವಿನಲ್ಲಿ ಪೆಟ್ರೋಲ್ ಎಂಜಿನ್ ಮಾಡುವ ಹುಚ್ಚು. ಆ ಎಂಜಿನ್ನನ್ನು ಮೂರು ಚಕ್ರದ ಸೈಕಲ್ಲಿಗೆ ಜೋಡಿಸಿದರು. ಈ ಹುಚ್ಚೇ 1895ರಲ್ಲಿ ಅವರಿಗೆ ಹಾರ್ಟ್‌ಫರ್ಡ್‌ನ ಪೋಪ್ ಕಂಪನಿಯಲ್ಲಿ ಮೋಟಾರು ಗಾಡಿ ತಯಾರಿಸುವ ಕೆಲಸ ಕೊಡಿಸಿತು.

ಪೇಟೆಂಟ್ ಸಿಕ್ಕಿದ್ದು 1909ರಲ್ಲಿ, ಬಂದೂಕಿನ ಸೈಲೆನ್ಸರಿಗೆ. ಸ್ನಾನದ ತೊಟ್ಟಿಯ ನೀರು ಸುಳಿಯಾಗಿ ತೂತಿನಲ್ಲಿ ಇಳಿಯುವುದನ್ನು ನೋಡಿದಾಗ ಆ ಉಪಾಯ ಹೊಳೆಯಿತಂತೆ. ಗುಂಡಿನ ಹಿಂದೆ ನುಗ್ಗುವ ಅನಿಲವನ್ನೂ ಸುಳಿಯಂತೆ ಸುತ್ತಿಸಿ ನಿಧಾನಕ್ಕೆ ಬಿಟ್ಟರೆ ಸದ್ದು ಅಡಗುತ್ತದೆ. ಎಂಜಿನ್‌ಗಳಿಗೆ ಮಫ್ಲರ್ ಅದಕ್ಕೂ ಮೊದಲೇ ಇತ್ತು. ಆದರೆ ಬಂದೂಕಿನಲ್ಲಿ ಕಲಿತ ವಿದ್ಯೆಯನ್ನು ಪರ್ಸಿಯ ಕಂಪನಿ ಎಂಜಿನ್, ಏರ್ ಕಂಪ್ರೆಸರ್‌ಗಳತ್ತ ತಿರುಗಿಸಿತು. ಬಂದೂಕಿನ ಸೈಲೆನ್ಸರಿನ ಮೇಲೆ 1934ರಲ್ಲಿ ಅಮೆರಿಕ ಸರಕಾರ 200 ಡಾಲರ್ ತೆರಿಗೆ ಹೇರಿತು. ಅಷ್ಟರಲ್ಲಿ ಕಂಪನಿ ಬೇರೆ ದಾರಿ ಹಿಡಿದಾಗಿತ್ತು.

ಇದರ ತತ್ವ ಸರಳ. ಎಂಜಿನ್ನಿನ ವಾಲ್ವ್ ತೆರೆದಾಗಲೆಲ್ಲ ಒತ್ತಡದ ಬಿಸಿ ಹೊಗೆ ಫಟ್ ಎಂದು ಚಿಮ್ಮುತ್ತದೆ. ಸೈಲೆನ್ಸರಿನೊಳಗಿನ ಕೋಣೆಗಳು, ತೂತಿನ ಕೊಳವೆಗಳು ಆ ಪೆಟ್ಟನ್ನು ಹರಡುತ್ತವೆ. ಒಂದು ಅಲೆಗೆ ಇನ್ನೊಂದು ಅಲೆ ಎದುರಾಗಿ ಸದ್ದು ಕುಗ್ಗುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲಿ ಇನ್ನೊಂದು ದಾರಿ ತೋರಿಸಿದ್ದರು. ವ್ಯರ್ಥವಾಗುವ ಹೊಗೆಯಿಂದಲೇ ಚಕ್ರ ತಿರುಗಿಸಿ, ಅದರಿಂದ ಎಂಜಿನ್ನಿಗೆ ಹೆಚ್ಚು ಗಾಳಿ ನುಗ್ಗಿಸುವ ಟರ್ಬೋಚಾರ್ಜರ್ ಅದು. ಹೊಗೆಯ ಶಕ್ತಿ ಚಕ್ರದಲ್ಲಿ ಖರ್ಚಾಗುವುದರಿಂದ ಸದ್ದೂ ತಗ್ಗುತ್ತದೆ. ಚಾರ್ಮಾಡಿ ಘಾಟಿ ಹತ್ತುವ ಇಂದಿನ ಡೀಸೆಲ್ ಬಸ್ಸುಗಳಲ್ಲಿ ಇರುವುದು ಇದೇ. ನಾನು ಶಕ್ತಿ ಎಂದುಕೊಂಡಿದ್ದ ಸದ್ದು, ನಿಜದಲ್ಲಿ ಎಂಜಿನ್ ಬಳಸಿಕೊಳ್ಳಲಾಗದೆ ಹೊರಗೆಸೆದದ್ದು!

ಪರ್ಸಿ ಸದ್ದಡಗಿಸುವುದರಲ್ಲೇ ನಿಲ್ಲಲಿಲ್ಲ. 1914ರಲ್ಲಿ ಕ್ಲಾರೆನ್ಸ್ ಟುಸ್ಕಾ ಜೊತೆ ಸೇರಿ ಹವ್ಯಾಸಿ ರೇಡಿಯೋದವರ ಸಂಘ ಕಟ್ಟಿದರು. ದೂರದೂರದವರು ಒಬ್ಬರ ಸಂದೇಶವನ್ನು ಇನ್ನೊಬ್ಬರು ದಾಟಿಸುತ್ತಾ ಹೋಗುವ ಕೂಟವದು, ಇಂದಿಗೂ ಇದೆ. ಅಪ್ಪನ ಬಗ್ಗೆ ನಗುತ್ತಾ ನೆನೆಯುವ ಪುಸ್ತಕವೊಂದನ್ನೂ ಬರೆದರು. 1936ರಲ್ಲಿ ತೀರಿಕೊಂಡರು.

ನಮ್ಮ ದೇಶದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮ ಪ್ರತಿ ವಾಹನಕ್ಕೂ ಸೈಲೆನ್ಸರ್ ಕಡ್ಡಾಯ ಎನ್ನುತ್ತದೆ. ಆದರೆ ನಾನು ಹಳೆಯ ಸೈಲೆನ್ಸರನ್ನು ಮತ್ತೆ ಹಾಕಿಸಿದ್ದು ದಂಡಕ್ಕೆ ಹೆದರಿ ಅಲ್ಲ. ಸದ್ದಿನಿಂದ ಹೋದ ಕಿವಿ ಮರಳಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದು ವೈದ್ಯರು ಅಪ್ಪನಿಗೆ ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಕಲ್ಲು ಕಡಿಯುವ ಬ್ಲೇಡಿನ ಕರ್ಕಶಕ್ಕೆ ಸೈಲೆನ್ಸರ್ ಕಟ್ಟಲಾಗದು. ಹಾಗಾಗಿ ಅಪ್ಪನಿಗೆ ಕಿವಿ ಮುಚ್ಚುವ ಇಯರ್ ಮಫ್ ತಂದುಕೊಟ್ಟೆ. ಹಾಡು ಕೇಳುವ ಸಾಧನ ಎಂದುಕೊಂಡು ಅವರು ಮೊದಲು ನಕ್ಕರು, ಈಗ ದಿನಾ ಹಾಕಿಕೊಂಡು ಹೋಗುತ್ತಾರೆ. ಆದರೆ ಕೋರೆಯ ಜನರೇಟರಿನ ಸದ್ದು ತಗ್ಗಿಸಲು ಸಾಧ್ಯವಿದೆ. ನನ್ನ ಅಂತಿಮ ವರ್ಷದ ಪ್ರಾಜೆಕ್ಟ್ ಅದೇ.

ಈಗ ಬೆಳಿಗ್ಗೆ ನಾನು ಹೊರಡುವಾಗ ಪಕ್ಕದ ಮನೆಯ ಮಗು ನಿದ್ದೆಯಲ್ಲಿರುತ್ತದೆ.